ಅದೇ ಲೆದರ್, ಅಲ್ಲಿ ಒಂದು ಅಡಿ ಇಲ್ಲಿ ಇನ್ನೊಂದು ಅಡಿ: ಕ್ಯಾಮೆರಾ ಮೆಷರಿಂಗ್ ಮೆಷಿನ್ ನಂಬಬಹುದಾ?

ಬ್ಯಾಗ್_ಹೊಲಿಯೋನು:
ನಮಸ್ಕಾರ ಎಲ್ರಿಗೂ. ಬೆಂಗ್ಳೂರಲ್ಲಿ ಲೆದರ್ ಬ್ಯಾಗು ಪರ್ಸು ಮಾಡೋ ಸಣ್ಣ ಯೂನಿಟ್ ನಮ್ದು, ಮಾಲೆಲ್ಲ ತಮಿಳುನಾಡಿನ ರಾಣಿಪೇಟೆ ಆಂಬೂರು ಕಡೆಯಿಂದ ತರಿಸ್ತೀವಿ. ತೊಗಲು ಹದ ಮಾಡಿ ನಮ್ಗೆ ಮಾರೋ ಟ್ಯಾನರಿಯವ್ರು ಹಳೇ ಪಿನ್ ವೀಲ್ (ಚಕ್ರ ಒತ್ತಿ ಅಳೆಯೋ) ಮೆಷಿನ್ ತೆಗೆದು ಆಪ್ಟಿಕಲ್ (ಬೆಳಕಲ್ಲಿ ಅಳೆಯೋ) ಹಾಕಿದಾರೆ, ಲೆದರ್ ಒಂದ್ ಕಡೆ ಬಿಟ್ರೆ ಇನ್ನೊಂದ್ ಕಡೆ ಬರೋ ಅಷ್ಟ್ರಲ್ಲಿ ಅಳತೆ ಆಗಿ ಹಿಂದುಗಡೆ ನಂಬರ್ ಬಿದ್ದಿರತ್ತೆ, ಪ್ಯಾಕಿಂಗ್ ಲಿಸ್ಟೂ ಅದೇ ಪ್ರಿಂಟ್ ಹಾಕತ್ತೆ. ನೋಡೋಕೆ ಚೆನ್ನಾಗೇ ಇದೆ. ತಲೆನೋವು ಏನಪ್ಪಾ ಅಂದ್ರೆ ನಮ್ಮ ಕಟಿಂಗ್ ಟೇಬಲ್ ಮೇಲೂ ಒಂದು ಕ್ಯಾಮೆರಾ ಇದೆ, ನೆಸ್ಟಿಂಗ್‌ಗೆ (ವೇಸ್ಟ್ ಆಗದಂಗೆ ಪೀಸ್ ಜೋಡಿಸೋಕೆ) ಅಂತ ಪ್ರತಿ ಪೀಸಿನ ಔಟ್‌ಲೈನ್ ತೆಗೆಯತ್ತೆ, ಅದು ತೋರಿಸೋ ಏರಿಯಾ ಯಾವಾಗ್ಲೂ ಲಿಸ್ಟಿಗಿಂತ ಕಮ್ಮಿ. ಒಂದೊಂದು ಲಾಟ್‌ನಲ್ಲಿ ಎರಡೂವರೆ ಪರ್ಸೆಂಟ್ ತನಕ. ಚದರ ಅಡಿಗೆ 150 ರೂಪಾಯಿ ಅಂತ ಇಟ್ಕೊಳಿ, 1000 ಅಡಿ ತಗೊಂಡ್ರೆ 25 ಅಡಿ ಗಾಳಿಗೆ ದುಡ್ಡು ಕೊಟ್ಟಂಗೆ, 3750 ರೂಪಾಯಿ. ಫೋನ್ ಮಾಡಿದ್ರೆ "ಸಾರ್ ಕಂಪ್ಯೂಟರ್ ಮೆಷಿನ್, ಅದ್ರಲ್ಲಿ ತಪ್ಪು ಬರಲ್ಲ" ಅಂತಾರೆ. ಇದ್ರಲ್ಲಿ ಯಾರ್ದು ಸರಿ? ಗೊತ್ತಿರೋರು ಹೇಳಿ.

ಸುಮ್ನೆ_ಓದೋನು:
ಇದ್ರಲ್ಲಿ ಕೇಳೋದೇನಿದೆ ಗುರು, ಸೆಟ್ಟಿಂಗ್‌ನಲ್ಲಿ ಎರಡು ಪರ್ಸೆಂಟ್ ಏರಿಸಿ ಇಟ್ಟಿರ್ತಾರೆ. ಪೆಟ್ರೋಲ್ ಬಂಕ್ ಥರಾನೇ.

ಪಾಲಾರ್_ದಂಡೆ:
ಸುಮ್ನೆ ಓದೋನು ಅವ್ರೇ, ಹೆಸರಿಗೆ ತಕ್ಕಂತೆ ಇದ್ಬಿಡಿ ಸ್ವಲ್ಪ 😀 ನಾನು ಕೋಲಾರದವನು, ಆಂಬೂರಲ್ಲಿ ಫಿನಿಷಿಂಗ್ ಸೆಕ್ಷನ್‌ನಲ್ಲೇ ಕೆಲ್ಸ. ಕಳ್ಳತನ ಎಲ್ಲೂ ಇಲ್ಲ ಅಂತ ನಾನೇನ್ ಹೇಳಲ್ಲ. ಆದ್ರೆ ಎರಡು ಪರ್ಸೆಂಟ್ ವ್ಯತ್ಯಾಸ ಬರೋಕೆ ಯಾರೂ ಕದೀಬೇಕಾಗಿಲ್ಲ, ಅದರಷ್ಟಕ್ಕೆ ಅದೇ ಬರತ್ತೆ.

ಬ್ಯಾಗ್ ಅಣ್ಣ, ಮೊದ್ಲು ಇದು ಹೇಳಿ. ನೀವು ತಗೊಳ್ಳೋದು ಆಡಿಂದಾ, ಹಸು ಸೈಡಾ (ಬೆನ್ನುದ್ದಕ್ಕೆ ಸೀಳಿದ ಅರ್ಧ ತೊಗಲು), ಎಮ್ಮೆದಾ? ಟಾಗ್ಲಿಂಗ್ ಮಾಡಿದ್ ಮಾಲಾ? ಟ್ಯಾನರಿಯಲ್ಲಿ ಅಳೆದ ದಿನಕ್ಕೂ ನಿಮ್ಮ ಟೇಬಲ್ ಮೇಲೆ ಬರೋ ದಿನಕ್ಕೂ ಎಷ್ಟು ಗ್ಯಾಪ್?

ಟಾಗ್ಲಿಂಗ್ ಅಂದ್ರೆ ಗೊತ್ತಿಲ್ದೋರಿಗೆ: ಒದ್ದೆ ತೊಗಲನ್ನ ತೂತು ತೂತಿನ ಫ್ರೇಮಿಗೆ ಸುತ್ತ ಕ್ಲಿಪ್ ಹಾಕಿ ಬಿಗಿಯಾಗಿ ಎಳೆದು ಬಿಸಿ ಗಾಳೀಲಿ ಒಣಗಿಸ್ತಾರೆ. ಹಂಗೆ ಎಳೆದ್ರೆ ಏರಿಯಾ ಚೆನ್ನಾಗ್ ಬರತ್ತೆ, ಅದಕ್ಕೇ ಎಳೆಯೋದು. ಆದ್ರೆ ಕ್ಲಿಪ್ ಬಿಚ್ಚಿದ್ ಮೇಲೆ ತೊಗಲು ನಿಧಾನಕ್ಕೆ ತನ್ನ ಜಾಗಕ್ಕೆ ಹೋಗೋಕೆ ನೋಡತ್ತೆ. ಕ್ಲಿಪ್ ಬಿಚ್ಚಿ, ಅಂಚು ಕತ್ತರಿಸಿ, ಇಸ್ತ್ರಿ ಹೊಡೆದು ಅದೇ ಬಿಸೀಲಿ ಅಳತೆಗೆ ಹಾಕಿದ್ರೆ ಒಂದು ಅಳತೆ, ಒಂದು ರಾತ್ರಿ ಹಾರ್ಸ್ (ತೊಗಲು ಹಾಕೋ ಸ್ಟ್ಯಾಂಡ್) ಮೇಲೆ ಹಾಕಿಟ್ಟು ಬೆಳಿಗ್ಗೆ ಅಳೆದ್ರೆ ಬೇರೆ ಅಳತೆ. ಎರಡೂ ಕರೆಕ್ಟೇ.

ಬ್ಯಾಗ್_ಹೊಲಿಯೋನು:
ಹಸು ಸೈಡು ಜಾಸ್ತಿ, ಲೈನಿಂಗಿಗೆ ಆಡಿನ ತೊಗಲು. ಟಾಗ್ಲಿಂಗ್ ಮಾಡಿದ್ದೇ. ಲಾರಿ ಇಳಿಸಿ ನಾವು ಕಟಿಂಗಿಗೆ ತೆಗೆಯೋಕೆ ವಾರ ಹತ್ತು ದಿನ ಆಗತ್ತೆ, ಕೆಲವು ಸಲ ತಿಂಗಳು.

ಅಥಣಿ_ಮೆಟ್ಟು:
ನಮಸ್ಕಾರ್ರೀ. ನಾವು ಅಥಣಿ ಕಡೆಯವ್ರು, ಕೊಲ್ಹಾಪುರಿ ಮೆಟ್ಟು ಮಾಡೋರು. ನಿಮ್ಮ ಈ ಅಡಿ ಜಗಳ ನೋಡಿ ನಗು ಬರ್ಲಿಕ್ಹತ್ತೇತ್ರೀ. ನಮ್ಮಲ್ಲಿ ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ದಪ್ಪ ತೊಗಲು, ಅದನ್ನ ಅಡಿ ಲೆಕ್ಕದಾಗ ಯಾರೂ ಕೇಳಂಗಿಲ್ಲ, ತೂಕದ ಮ್ಯಾಲ ಇಲ್ಲಾ ಪೀಸಿನ ಮ್ಯಾಲ ವ್ಯವಹಾರ. ತಕ್ಕಡಿಗೆ ಹಾಕಿದ್ರ ಮುಗೀತು. ನೀವ್ಯಾಕ ತೂಕದ ಮ್ಯಾಲ ತಗೊಳಂಗಿಲ್ಲ?

ಪಾಲಾರ್_ದಂಡೆ:
ಅಣ್ಣಾ, ನಿಮ್ದು ಅಟ್ಟೆಗೆ ಹೋಗೋ ದಪ್ಪ ತೊಗಲು, ಅದನ್ನ ಎಲ್ಲಾ ಕಡೆ ತೂಕದಲ್ಲೇ ಮಾರ್ತಾರೆ, ಫಾರಿನ್‌ನಲ್ಲೂ ಅಷ್ಟೇ. ಬ್ಯಾಗು, ಶೂ ಮೇಲ್ಭಾಗ, ಜಾಕೆಟ್ಟು ಇದಕ್ಕೆಲ್ಲ ಬೇಕಿರೋದು ಅಗಲ. ಶೇವಿಂಗ್ ಮಾಡಿ 1.2 ಎಂಎಂ ಮಾಡಿರೋ ಸೈಡಿಗೂ 1.4 ಮಾಡಿರೋ ಸೈಡಿಗೂ ತೂಕ ಬೇರೆ, ಬರೋ ಬ್ಯಾಗು ಅಷ್ಟೇ. ತೂಕದ ಮೇಲೆ ಮಾರಿದ್ರೆ ಯಾರೂ ತೆಳ್ಳಗೆ ಮಾಡೋದೇ ಇಲ್ಲ. ಮತ್ತೆ ತೂಕದಲ್ಲೂ ಮೋಸ ಇದ್ದೇ ಇದೆ, ಸ್ವಲ್ಪ ತೇವ ಬಿಟ್ರೆ ಸಾಕಲ್ವಾ.

ಅಥಣಿ_ಮೆಟ್ಟು:
ಅದು ಖರೇ ಐತಿ ಬಿಡ್ರಿ. ಮಳಿಗಾಲದಾಗ ತೂಕದ ತೊಗಲು ತಗೊಂಡ್ರ ನೀರಿಗೂ ರೊಕ್ಕ ಕೊಟ್ಟಂಗ.

ಪಿಕ್ಸೆಲ್_ಪುಟ್ಟ:
ನಾನು ಪೀಣ್ಯದಲ್ಲಿ ಮೆಷಿನ್ ವಿಷನ್ ಕೆಲ್ಸ ಮಾಡೋನು, ಲೆದರ್‌ಗೂ ಮಾಡಿದೀನಿ, ಬಟ್ಟೆಗೂ ಮಾಡಿದೀನಿ. "ಕಂಪ್ಯೂಟರ್, ತಪ್ಪು ಬರಲ್ಲ" ಅನ್ನೋ ಮಾತಿಗೆ ಸ್ವಲ್ಪ ಉದ್ದ ಉತ್ತರ ಬರೀತೀನಿ, ಬೇಜಾರಾದ್ರೆ ಸ್ಕ್ರೋಲ್ ಮಾಡಿ.

ಆಪ್ಟಿಕಲ್ ಅಂತ ಎರಡು ಥರದ್ದಕ್ಕೂ ಅಂತಾರೆ. ಒಂದು ಹಳೇ ಡಿಸೈನು, ಲೆದರ್ ನೈಲಾನ್ ದಾರಗಳ ಮೇಲೆ ಹರಿಯತ್ತೆ, ಒಂದ್ ಕಡೆ ಲೈಟು, ಇನ್ನೊಂದ್ ಕಡೆ ಅಡ್ಡಡ್ಡಕ್ಕೆ ಸಾಲಾಗಿ ಫೋಟೋ ಸೆಲ್‌ಗಳು. ಲೆದರ್ ಬಂದ ಕಡೆ ನೆರಳು, ಇಲ್ದೇ ಇರೋ ಕಡೆ ಬೆಳಕು. ರೋಲರಿಗೆ ಎನ್ಕೋಡರ್ ಇರತ್ತೆ, ಬೆಲ್ಟು ಇಷ್ಟು ಮುಂದೆ ಹೋಯ್ತು ಅಂತ ಪಲ್ಸ್ ಕೊಟ್ಟಾಗೆಲ್ಲ ಎಷ್ಟು ಸೆಲ್ ಮುಚ್ಚಿದೆ ಅಂತ ಎಣಿಸಿ ಕೂಡ್ತಾ ಹೋಗೋದು. ಇನ್ನೊಂದು ಲೈನ್ ಸ್ಕ್ಯಾನ್ ಕ್ಯಾಮೆರಾ, ಮೇಲಿಂದ ಒಂದೇ ಒಂದು ಗೆರೆ ನೋಡ್ತಾ ಇರತ್ತೆ, ಗೆರೆ ಮೇಲೆ ಗೆರೆ ಜೋಡಿಸಿ ಪೂರ್ತಿ ಫೋಟೋ ಮಾಡತ್ತೆ. 1.6 ಮೀಟರ್ ಅಗಲಕ್ಕೆ 4096 ಪಿಕ್ಸೆಲ್ ಕ್ಯಾಮೆರಾ ಹಾಕಿದ್ರೆ ಒಂದು ಪಿಕ್ಸೆಲ್ ಅಂದ್ರೆ 0.4 ಎಂಎಂ. ಸೇಲ್ಸ್‌ನೋರು ಈ ನಂಬರ್ ತೋರಿಸಿಯೇ ಮಾರೋದು. ನನ್ನ ಪ್ರಕಾರ ಅದು ಲೆಕ್ಕಕ್ಕೇ ಬರದ ನಂಬರು. ಅಂಚಿನ ಒಂದು ಪಿಕ್ಸೆಲ್ಲು ಅರ್ಧ ಒಳಗೆ ಅರ್ಧ ಹೊರಗೆ ಇದ್ರೆ ಒಂದ್ ಕಡೆ ಜಾಸ್ತಿ ಎಣಿಸತ್ತೆ ಇನ್ನೊಂದ್ ಕಡೆ ಕಮ್ಮಿ ಎಣಿಸತ್ತೆ, ಸುತ್ತ ಸಾವಿರಾರು ಪಿಕ್ಸೆಲ್ ಇರೋದ್ರಿಂದ ಎಲ್ಲಾ ಕೂಡಿ ಕಳೆದು ಹೋಗತ್ತೆ.

ಕಳೆದು ಹೋಗದೇ ಇರೋದು ಒಂದೇ ದಿಕ್ಕಿಗೆ ಎಳೆಯೋ ತಪ್ಪು. ಥ್ರೆಶೋಲ್ಡ್ ತಗೊಳಿ, ಯಾವ ಬೆಳಕಿಗಿಂತ ಕಮ್ಮಿ ಇದ್ರೆ "ಇದು ಲೆದರ್" ಅನ್ನೋದು ಅಂತ. ಅದು ಸ್ವಲ್ಪ ಆಚೀಚೆ ಆದ್ರೆ ಅಂಚು ಸುತ್ತ ಪೂರ್ತಿ ಒಂದು ಎಂಎಂ ಹೊರಗೆ ಹೋಗತ್ತೆ. 5 ಅಡಿ ಆಡಿನ ತೊಗಲಿಗೆ ಕಾಲು ಕುತ್ತಿಗೆ ಎಲ್ಲಾ ಸೇರಿ ಸುತ್ತಳತೆ 3 ಮೀಟರ್ ಅಂದ್ರೂ, ಒಂದು ಎಂಎಂ ಅಂದ್ರೆ 30 ಚದರ ಸೆಂಟಿಮೀಟರ್, ಅಂದ್ರೆ 0.65 ಪರ್ಸೆಂಟ್. 20 ಅಡಿ ಹಸು ಸೈಡಿಗೆ ಅದೇ ತಪ್ಪು 0.35 ಪರ್ಸೆಂಟ್ ಆಸುಪಾಸು. ಚಿಕ್ಕ ತೊಗಲಿಗೆ ಅಂಚು ಜಾಸ್ತಿ, ಹೊಡೆತಾನೂ ಜಾಸ್ತಿ. ಕಪ್ಪು ಬೆಲ್ಟ್ ಮೇಲೆ ಕಪ್ಪು ಲೆದರ್, ಮೇಲಿಂದ ಲೈಟು, ಇಂಥ ಸೆಟಪ್‌ನಲ್ಲಿ ಅಂಚೇ ಸಿಗಲ್ಲ. ಅದಕ್ಕೇ ಕೆಳಗಿಂದ ಬೆಳಕು ಕೊಡೋದು ಒಳ್ಳೇದು, ಬಣ್ಣ ಯಾವ್ದಾದ್ರೂ ನೆರಳು ಕಪ್ಪೇ ತಾನೆ.

ಇನ್ನೊಂದು ಎತ್ತರ. ಕ್ಯಾಮೆರಾ ಬೆಲ್ಟಿಂದ ಒಂದೂವರೆ ಮೀಟರ್ ಮೇಲಿದೆ ಅಂದ್ಕೊಳಿ. ಲೆದರ್ ಎಲ್ಲಾದ್ರೂ ಒಂದು ಸೆಂಟಿಮೀಟರ್ ಎದ್ದಿದ್ರೆ ಅಷ್ಟು ಭಾಗ ಅಡ್ಡಡ್ಡಕ್ಕೆ 0.67 ಪರ್ಸೆಂಟ್ ದೊಡ್ಡದಾಗಿ ಕಾಣತ್ತೆ, ಹತ್ರ ಇರೋದು ದೊಡ್ಡದು ಅಷ್ಟೇ ಲೆಕ್ಕ. ಉದ್ದುದ್ದಕ್ಕೆ ಎನ್ಕೋಡರ್ ನೋಡ್ಕೊಳ್ಳೋದ್ರಿಂದ ಆ ಕಡೆ ತಪ್ಪಿಲ್ಲ. ಬ್ಯಾಗ್ ಅವ್ರ ಟೇಬಲ್ ಕ್ಯಾಮೆರಾ ಒಂದೇ ಸಲ ಪೂರ್ತಿ ಫೋಟೋ ತೆಗೆಯೋದಾದ್ರೆ ಎರಡೂ ದಿಕ್ಕಿಗೆ ತಪ್ಪು, ಡಬಲ್. ತಮಾಷೆ ಏನಂದ್ರೆ ಈ ತಪ್ಪು ಏರಿಯಾನ ಜಾಸ್ತಿ ತೋರಿಸ್ಬೇಕು, ಅವ್ರಿಗೆ ಕಮ್ಮಿ ಬರ್ತಿದೆ.

ಪಾಲಾರ್_ದಂಡೆ:
ಪುಟ್ಟ ಸಾರ್ ಚೆನ್ನಾಗ್ ಹೇಳಿದ್ರಿ, ಆದ್ರೆ ನೀವು ಎನ್ಕೋಡರ್ ಕಡೆ ತಪ್ಪಿಲ್ಲ ಅಂದ್ರಲ್ಲ, ಅಲ್ಲೇ ಇರೋದು ಆಟ. ಎನ್ಕೋಡರ್ ಎಣಿಸೋದು ಬೆಲ್ಟನ್ನ, ಲೆದರನ್ನಲ್ಲ. ಫೀಡ್ ಮಾಡೋನು ಲೆದರ್ ಬಿಡೋವಾಗ ಹಿಂದಿನ ತುದಿ ಸ್ವಲ್ಪ ಹಿಡ್ಕೊಂಡ್ರೆ ಬೆಲ್ಟ್ ಓಡ್ತಾ ಇರತ್ತೆ ಲೆದರ್ ಸ್ವಲ್ಪ ಜಾರತ್ತೆ, ಸೆನ್ಸರ್ ಕೆಳಗೆ ಜಾಸ್ತಿ ಹೊತ್ತು ಇದ್ದಂಗಾಗತ್ತೆ, ಅಡಿ ಬೆಳೆಯತ್ತೆ. ಬೇಕಂತ ಮಾಡೋರೂ ಇದಾರೆ, ಬರೀ ನೆಟ್ಟಗೆ ಹೋಗ್ಲಿ ಅಂತ ಹಿಡಿಯೋರೂ ಇದಾರೆ. ಹೊಟ್ಟೆ ಭಾಗ ಮಡಚ್ಕೊಂಡ್ ಹೋದ್ರೆ ಉಲ್ಟಾ, ಅಡಿ ಕಮ್ಮಿ ಆಗತ್ತೆ, ಅದಕ್ಕೇ ಇಬ್ರು ನಿಂತು ಬಿಡಿಸಿ ಹಾಕೋದು. ಒಳ್ಳೇ ಜೋಡಿ ಇದ್ರೆ ಮೆಷಿನ್ ಒಳ್ಳೇದು.

ಮತ್ತೆ ಧೂಳು. ಬಫಿಂಗ್ ಮಾಡೋ (ತೊಗಲು ಉಜ್ಜಿ ನಯ ಮಾಡೋ) ಜಾಗದ ಪಕ್ಕದಲ್ಲೇ ಮೆಷರಿಂಗ್ ಇಟ್ಟಿರ್ತಾರೆ, ಸಂಜೆ ಅಷ್ಟ್ರಲ್ಲಿ ಗ್ಲಾಸ್ ಮೇಲೆ ಹಿಟ್ಟು ಚೆಲ್ಲಿದಂಗೆ ಕೂತಿರತ್ತೆ. ಬೆಳಿಗ್ಗೆ ಒರೆಸಿ ಶುರು ಮಾಡಿದ್ ಮೆಷಿನ್ನೇ ಸಂಜೆ ಬೇರೆ ಓದತ್ತೆ.

ಪಿಕ್ಸೆಲ್_ಪುಟ್ಟ:
ಜಾರೋದು ಒಪ್ಪಿದೆ. ನನ್ನ ಮಾತು ಲೆದರ್ ಬೆಲ್ಟ್ ಜೊತೇಲೇ ಹೋದ್ರೆ ಮಾತ್ರ. ದಾರದ ಮೇಲಾದ್ರೆ ಹಿಡಿತಾನೇ ಕಮ್ಮಿ.

ವಿಚೆಂಝಾ_ಮಾರಾಯ:
ನಾನು ಮಂಗಳೂರಿನವ, ಈಗ ಇಟಲಿಯ ವಿಚೆಂಝಾ ಕಡೆ ಇರುವುದು. ಇಲ್ಲಿ ಹತ್ತಿರ ಆರ್ಝಿನ್ಯಾನೋ ಅಂತ ಊರುಂಟು, ಊರಿಗೆ ಊರೇ ಟ್ಯಾನರಿ. ಇಲ್ಲಿ ಅಡಿ ಎಲ್ಲ ಇಲ್ಲ ಮಾರಾಯ್ರೆ, ಚದರ ಮೀಟರ್. ಒಂದು ಚದರ ಅಡಿ ಅಂದ್ರೆ 9.29 ಚದರ ಡೆಸಿಮೀಟರ್, ಹೊರಗಿನವರಿಗೆ ಮಾರುವಾಗ ಅದರಲ್ಲಿ ಭಾಗಿಸಿ ಕೊಡುವುದು.

ಯುರೋಪಿನಲ್ಲಿ ಇದಕ್ಕೆ ಕಾನೂನೇ ಉಂಟು, ಅಳತೆ ಉಪಕರಣಗಳ ಡೈರೆಕ್ಟಿವ್ 2014/32, ಅದರ ಹನ್ನೊಂದನೇ ಅನುಬಂಧದಲ್ಲಿ ಏರಿಯಾ ಅಳೆಯುವ ಮೆಷಿನಿಗೆ ಬೇರೆಯೇ ಅಧ್ಯಾಯ. ತಪ್ಪು ಎಷ್ಟು ಇರಬಹುದು ಅಂದ್ರೆ ಒಂದು ಪರ್ಸೆಂಟ್, ಆದರೆ ಒಂದು ಚದರ ಡೆಸಿಮೀಟರಿಗಿಂತ ಕಮ್ಮಿ ಅಲ್ಲ. ಈ "ಕಮ್ಮಿ ಅಲ್ಲ" ಅನ್ನುವುದನ್ನು ಸರಿ ಓದಿ. ಐದು ಅಡಿಯ ಆಡಿನ ಚರ್ಮ 46 ಡೆಸಿಮೀಟರ್ ಆಸುಪಾಸು, ಅದರ ಒಂದು ಪರ್ಸೆಂಟ್ ಅರ್ಧವೂ ಆಗುವುದಿಲ್ಲ, ಆದರೆ ಒಂದು ಪೂರ್ತಿ ಡೆಸಿಮೀಟರ್ ಆಚೀಚೆ ಆದರೂ ಮೆಷಿನ್ ಪಾಸು. ಅಂದ್ರೆ ಸಣ್ಣ ಚರ್ಮದಲ್ಲಿ ಎರಡು ಪರ್ಸೆಂಟಿನ ಮೇಲೆಯೂ ಕಾನೂನು ಪ್ರಕಾರ ಸರಿಯೇ. ದೊಡ್ಡ ಹೋರಿ ಚರ್ಮ 45 ಅಡಿಯದ್ದಾದರೆ 418 ಡೆಸಿಮೀಟರ್, ಅಲ್ಲಿ ನಾಲ್ಕು ಚಿಲ್ಲರೆ ಬಿಟ್ಟದ್ದು.

ಅಂತಾರಾಷ್ಟ್ರೀಯ ಕಾನೂನು ಮಾಪನ ಸಂಸ್ಥೆಯದ್ದು ಆರ್ 136 ಅಂತ ಶಿಫಾರಸು ಇರುವುದು ಸಹ ಚರ್ಮದ ಏರಿಯಾ ಮೆಷಿನಿಗೇ. ಇಷ್ಟು ಸಣ್ಣ ವಿಷಯಕ್ಕೆ ಪ್ರತ್ಯೇಕ ದಾಖಲೆ ಮಾಡ್ಬೇಕಾದ್ರೆ ಜಗಳ ಎಷ್ಟು ಹಳೆಯದ್ದು ಅಂತ ಲೆಕ್ಕ ಹಾಕಿ.

ಮಾಪನ_ಮಾಮ:
ನಾನು ರಿಟೈರ್ಡು, ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿದ್ದೆ. ನಮ್ಮಲ್ಲೂ 2009ರ ಕಾಯ್ದೆ ಇದೆ, 2011ರ ಏಪ್ರಿಲ್‌ನಿಂದ ಜಾರಿ. ವ್ಯಾಪಾರಕ್ಕೆ ಬಳಸೋ ತೂಕ ಅಳತೆ ಯಾವುದಾದ್ರೂ ಪರಿಶೀಲನೆ ಆಗಿ ಮುದ್ರೆ ಬಿದ್ದಿರಬೇಕು. ಅದೂ ಅಲ್ಲದೆ ದೇಶದೊಳಗಿನ ವ್ಯಾಪಾರದಲ್ಲಿ ಮೆಟ್ರಿಕ್ ಬಿಟ್ಟು ಬೇರೆ ಮಾನದಲ್ಲಿ ದರ ಹೇಳಬಾರದು ಅಂತಾನೂ ಇದೆ. ಆದರೂ ಸೈಟು ಅಡಿಯಲ್ಲೇ, ಟಿವಿ ಇಂಚಲ್ಲೇ, ಲೆದರ್ರೂ ಅಡಿಯಲ್ಲೇ. ಜನ ಬಿಡಲ್ಲ.

ಬ್ಯಾಗ್ ತಮ್ಮಾ, ಒಂದು ಮಾತು. ದಿನಸಿ ಅಂಗಡಿ ತಕ್ಕಡಿ ಸರಿ ಇದೆಯಾ ಅಂತ ನಾವು ಅಕ್ಕಿ ಇಟ್ಟು ನೋಡ್ತಿರಲಿಲ್ಲ, ಬಟ್ಟು ಇಟ್ಟು ನೋಡ್ತಿದ್ವಿ. ನೀನು ಲೆದರ್ ಇಟ್ಟು ಮೆಷಿನ್ ಪರೀಕ್ಷೆ ಮಾಡ್ತಿದೀಯ. ಹಿಗ್ಗಿ ಕುಗ್ಗೋ ವಸ್ತುವಿನಿಂದ ಮೆಷಿನ್ ತಪ್ಪು ಅಂತ ಸಾಬೀತು ಮಾಡೋಕಾಗಲ್ಲ. ಏರಿಯಾ ಗೊತ್ತಿರೋ ಟೆಂಪ್ಲೇಟ್ ತಗೋ, ಅದನ್ನ ಅವರ ಮೆಷಿನ್ ಮೇಲೂ ನಿನ್ನ ಟೇಬಲ್ ಮೇಲೂ ಹಾಕು. ಎಡಗಡೆ, ಮಧ್ಯ, ಬಲಗಡೆ ಮೂರೂ ಕಡೆ.

ಲ್ಯಾಬ್_ರೂಮು:
ಮಾಮ ಹೇಳಿದ್ದು ನೂರಕ್ಕೆ ನೂರು. ನಾನು ಚೆನ್ನೈಲಿ ಲೆದರ್ ಟೆಕ್ನಾಲಜಿ ಓದಿದ್ದು, ಅಡ್ಯಾರ್‌ನ ಸಿಎಲ್‌ಆರ್‌ಐ (ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ) ಪಕ್ಕದಲ್ಲೇ. ಟೆಂಪ್ಲೇಟ್ ಜೊತೆ ಲೆದರ್ ಕಡೇದೂ ಒಂದು ನೋಡ್ಬೇಕು, ಅದೇ ಎಲ್ರೂ ಮರೆಯೋದು.

ತೊಗಲು ಅಂದ್ರೆ ಕೊಲಾಜನ್ ನಾರು, ಗಾಳಿಯಲ್ಲಿರೋ ತೇವ ಹೀರ್ತಾ ಬಿಡ್ತಾ ಇರತ್ತೆ. ತೇವ ಹೀರಿದ್ರೆ ಏರಿಯಾ ಹಿಗ್ಗತ್ತೆ, ಒಣಗಿದ್ರೆ ಕುಗ್ಗತ್ತೆ. ಕ್ರೋಮ್ ಟ್ಯಾನ್ಡ್ (ಕ್ರೋಮಿಯಂ ಉಪ್ಪಲ್ಲಿ ಹದ ಮಾಡಿದ) ಲೆದರ್‌ನಲ್ಲಿ ಇದು ಎದ್ದು ಕಾಣತ್ತೆ. ಅದಕ್ಕೇ ಏರಿಯಾ ಅಳೆಯೋಕೆ ಅಂತ ಇರೋ ಐಎಸ್‌ಒ 11646 ಅನ್ನೋ ಅಂತಾರಾಷ್ಟ್ರೀಯ ಮಾನದಂಡ ಬರೀ ಮೆಷಿನ್ ಬಗ್ಗೆ ಮಾತಾಡಲ್ಲ, ಮೊದ್ಲು ಲೆದರನ್ನ ಒಂದು ಸ್ಥಿತಿಗೆ ತರಬೇಕು. ಲ್ಯಾಬ್‌ನಲ್ಲಿ 23 ಡಿಗ್ರಿ, 50 ಪರ್ಸೆಂಟ್ ಆರ್ದ್ರತೆ, ಇಲ್ಲಾ 20 ಡಿಗ್ರಿ 65 ಪರ್ಸೆಂಟ್. ಟ್ಯಾನರಿಯಲ್ಲಿ ಯಾರು ಎಸಿ ರೂಮಲ್ಲಿ ಲೆದರ್ ನೇತಾಕ್ತಾರೆ ಹೇಳಿ. ನವೆಂಬರ್ ಮಳೇಲಿ ರಾಣಿಪೇಟೆಲಿ ಅಳೆದ ಮಾಲು ಫೆಬ್ರವರಿ ಒಣ ಹವೇಲಿ ಬೆಂಗ್ಳೂರಲ್ಲಿ ಅಳೆದ್ರೆ ಅಷ್ಟೇ ಇರಬೇಕು ಅನ್ನೋದು ಆಸೆ ಅಷ್ಟೆ.

ಆಮೇಲೆ ಇನ್ನೊಂದು, ಪಿನ್ ವೀಲ್‌ಗೂ ಕ್ಯಾಮೆರಾಗೂ ಇರೋ ನಿಜವಾದ ವ್ಯತ್ಯಾಸ. ಪಿನ್ ವೀಲ್‌ನಲ್ಲಿ ಚಕ್ರಗಳು ಮೇಲಿಂದ ಒತ್ತಿಕೊಂಡು ಹೋಗ್ತವೆ, ಹೊಟ್ಟೆ, ಕಂಕುಳ ಹತ್ರ ಜೋಲು ಇರೋ ಭಾಗ ಚಪ್ಪಟೆ ಆಗಿ ಅಳತೆಗೆ ಬರತ್ತೆ. ಕ್ಯಾಮೆರಾ ಮುಟ್ಟಲ್ಲ, ಮೇಲಿಂದ ಕಂಡಷ್ಟೇ ನೆರಳು. ಅಂಚು ಅಲೆ ಅಲೆಯಾಗಿದ್ರೆ ಆ ಅಲೆಯ ಉದ್ದ ಅದಕ್ಕೆ ಕಾಣಲ್ಲ. ಹತ್ತಕ್ಕೆ ಒಂದರ ಇಳಿಜಾರು ಇದ್ರೆ ಅರ್ಧ ಪರ್ಸೆಂಟ್ ಹೋಯ್ತು. ಸಾಫ್ಟಿ, ಮಿಲ್ಡ್ ಲೆದರ್‌ನಲ್ಲಿ, ಅಂದ್ರೆ ಒಣಗಿದ್ ಮೇಲೆ ಡ್ರಮ್ಮಲ್ಲಿ ಉರುಳಿಸಿ ಸುಕ್ಕು ಬರಿಸಿರೋದ್ರಲ್ಲಿ, ಇನ್ನೂ ಜಾಸ್ತಿ. ಬ್ಯಾಗ್ ಸರ್ ನಿಮ್ಮ ಟೇಬಲ್‌ಗೆ ಕೆಳಗಿಂದ ಗಾಳಿ ಎಳೆಯೋ ವ್ಯಾಕ್ಯೂಮ್ ಇದೆಯಾ? ಫೋಟೋ ತೆಗೆಯೋವಾಗ ಆನ್ ಇರತ್ತಾ?

ಬ್ಯಾಗ್_ಹೊಲಿಯೋನು:
ವ್ಯಾಕ್ಯೂಮ್ ಇದೆ ಮೇಡಂ, ಆದ್ರೆ ಫೋಟೋ ಆದ್ಮೇಲೆ ಕಟಿಂಗ್ ಟೈಮಲ್ಲಿ ಆನ್ ಮಾಡೋದು, ಕರೆಂಟ್ ಬಿಲ್ ನೋಡ್ಬೇಕಲ್ಲ. ಮಿಲ್ಡ್ ಮಾಲಲ್ಲೇ ಜಾಸ್ತಿ ಶಾರ್ಟ್ ಬರೋದು, ಈಗ ಹೊಳೀತು.

ಸುಮ್ನೆ_ಓದೋನು:
ಅಂದ್ರೆ ಇಲ್ಲಿ ಯಾರೂ ಕಳ್ಳರಲ್ಲ ಅಂತಾಯ್ತು. ಬೇಜಾರಾಯ್ತು.

ಎಂಟೆಕ್_ಮೂರನೇ_ಸೆಮ್:
ಸರ್ಸ್ ಆ್ಯಂಡ್ ಮೇಡಂ, ಸ್ವಲ್ಪ ಬೇರೆ ಪ್ರಶ್ನೆ. ಕ್ಯಾಮೆರಾ ಹೆಂಗೂ ಪೂರ್ತಿ ತೊಗಲಿನ ಫೋಟೋ ತೆಗೀತಿದೆ ಅಂದ್ಮೇಲೆ ಅದರಲ್ಲೇ ಡಿಫೆಕ್ಟೂ ಹುಡುಕಿ ಗ್ರೇಡಿಂಗ್ ಮಾಡಬಹುದಲ್ವಾ? ನನ್ನ ಪ್ರಾಜೆಕ್ಟ್ ಇದೇ, ಎಂವಿಟೆಕ್ ಡೇಟಾಸೆಟ್‌ನ (ಡಿಫೆಕ್ಟ್ ಹುಡುಕೋ ಸಾಫ್ಟ್‌ವೇರ್ ಪರೀಕ್ಷೆ ಮಾಡೋ ಫೋಟೋ ಸಂಗ್ರಹ) ಲೆದರ್ ಫೋಟೋಗಳ ಮೇಲೆ ಟ್ರೈ ಮಾಡ್ತಿದೀನಿ, ರಿಸಲ್ಟ್ ಸಖತ್ ಬರ್ತಿದೆ. ಇದನ್ನ ಟ್ಯಾನರಿಗಳಿಗೆ ಕೊಟ್ರೆ ಸೆಲೆಕ್ಷನ್ ಮಾಡೋರೇ (ತೊಗಲು ನೋಡಿ ಗ್ರೇಡ್ ವಿಂಗಡಿಸೋರು) ಬೇಡ ಅಲ್ವಾ?

ಪಿಕ್ಸೆಲ್_ಪುಟ್ಟ:
ತಮ್ಮಾ, ಆ ಡೇಟಾಸೆಟ್ 2019ರಿಂದ ಎಲ್ರೂ ಬಳಸ್ತಿದಾರೆ, ಅದರ ಲೆದರ್ ಭಾಗದಲ್ಲಿ ಎಲ್ರಿಗೂ ಸಖತ್ತಾಗೇ ಬರತ್ತೆ. ಒಂದೇ ಥರದ ಗ್ರೇನ್ (ತೊಗಲಿನ ಮೇಲ್ಪದರ), ಒಂದೇ ಬೆಳಕು, ಚಿಕ್ಕ ಚೌಕ, ಅದರ ಮೇಲೆ ಕಟ್ಟು, ಮಡಿಕೆ, ಅಂಟು, ಬಣ್ಣ, ಚುಚ್ಚಿದ ತೂತು. ಬಯಲಲ್ಲಿ ಮೇಯ್ದ ಹಸುವಿನ ಮೈ ಮೇಲೆ ಇರೋದು ಇದ್ಯಾವ್ದೂ ಅಲ್ಲ.

ಪಾಲಾರ್_ದಂಡೆ:
ಸೆಲೆಕ್ಷನ್ ಮಾಡೋರ ಹತ್ರ ಒಂದಿನ ನಿಂತು ನೋಡು ತಮ್ಮ. ನಮ್ಮ ದೇಶದ ತೊಗಲಲ್ಲಿ ಏನಿರಲ್ಲ ಹೇಳು. ಉಣ್ಣೆ ಕಚ್ಚಿದ ಚುಕ್ಕೆ, ಮುಳ್ಳುಬೇಲಿ ಗೀರು, ಕೊಂಬು ತಿವಿದ ಕಲೆ, ನೊಗ ಉಜ್ಜಿ ಗಟ್ಟಿಯಾದ ಕುತ್ತಿಗೆ, ಸುಲಿಯೋವಾಗ ಚಾಕು ತಾಗಿದ್ದು, ಸಿಡುಬಿನ ಗುಳಿ. ಅದರ ಮೇಲೆ ಬರೆ. ದನಕ್ಕೆ ಏನೇ ಕಾಯಿಲೆ ಬಂದ್ರೂ ಕಾಯಿಸಿದ ಕಬ್ಬಿಣದಲ್ಲಿ ಬರೆ ಎಳೆಯೋದು ನಮ್ಮ ಕಡೆ ಇನ್ನೂ ಇದೆ, ಸರಿಯಾಗಿ ಬಟ್ (ಬೆನ್ನಿನ ಹಿಂಭಾಗ) ಮೇಲೆ, ಒಳ್ಳೇ ತೊಗಲಿರೋ ಜಾಗದಲ್ಲೇ. ಇದ್ರಲ್ಲಿ ಅರ್ಧ ವೆಟ್ ಬ್ಲೂನಲ್ಲಿ (ಕ್ರೋಮ್ ಹದ ಆಗಿ ಇನ್ನೂ ಒದ್ದೆ ಇರೋ ತೊಗಲು) ಕಾಣಲ್ಲ, ಕ್ರಸ್ಟ್ (ಒಣಗಿಸಿ ಫಿನಿಷಿಂಗ್‌ಗೆ ಮುಂಚೆ) ಆದ್ಮೇಲೆ ಕಾಣತ್ತೆ, ಕೆಲವು ಬಣ್ಣ ಹೊಡೆದ್ಮೇಲೆ. ವೆಟ್ ಬ್ಲೂ ಒದ್ದೆ ಇರೋದ್ರಿಂದ ಲೈಟಿಗೆ ಫಳಫಳ ಅನ್ನತ್ತೆ, ಕ್ಯಾಮೆರಾ ಅದನ್ನೇ ಡಿಫೆಕ್ಟ್ ಅನ್ನತ್ತೆ. ನಮ್ಮ ಸೆಲೆಕ್ಟರು ಹುಡುಕೋದು ಕಣ್ಣಲ್ಲಿ ಮಾತ್ರ ಅಲ್ಲ, ಬೆರಳಲ್ಲಿ ಮಡಚಿ ಗ್ರೇನ್ ಸಡ್ಲ ಇದೆಯಾ ಅಂತ ನೋಡ್ತಾರೆ. ಅದು ಫೋಟೋದಲ್ಲಿ ಬರಲ್ಲ.

ಲ್ಯಾಬ್_ರೂಮು:
ಇನ್ನೊಂದು ಕಷ್ಟ, ಎರಡನೇ ಸೆಲೆಕ್ಷನ್ನಾ ಮೂರನೇದಾ ಅಂತ ಇಬ್ರು ಅನುಭವಸ್ಥರನ್ನ ಕೇಳಿದ್ರೆ ಇಬ್ರೂ ಬೇರೆ ಬೇರೆ ಹೇಳ್ತಾರೆ, ಮಾರ್ಕೆಟ್ ಬಿಗಿ ಇದ್ದಾಗ ಒಂದು, ಆರ್ಡರ್ ಅರ್ಜೆಂಟ್ ಇದ್ದಾಗ ಇನ್ನೊಂದು. ಯಾರ ಉತ್ತರ ಇಟ್ಕೊಂಡು ಮಾಡೆಲ್‌ಗೆ ಕಲಿಸ್ತೀಯಾ? ಕಾರ್ ಸೀಟಿನ ಕಂಪನಿಗಳಲ್ಲಿ ಮಧ್ಯದ ದಾರಿ ಹಿಡಿದಿದಾರೆ: ಮನುಷ್ಯರು ತೊಗಲಿನ ಮೇಲೆ ಕಲೆ ಇರೋ ಕಡೆ ಗುರುತು ಹಾಕ್ತಾರೆ, ಕ್ಯಾಮೆರಾ ಆ ಗುರುತು ಮತ್ತೆ ಔಟ್‌ಲೈನ್ ಓದತ್ತೆ, ಸಾಫ್ಟ್‌ವೇರ್ ಕಲೆ ತಪ್ಪಿಸಿ ಪೀಸ್ ಜೋಡಿಸತ್ತೆ. ಸೀಟಿನ ಎದುರು ಕಾಣೋ ಭಾಗಕ್ಕೆ ಶುದ್ಧ ಜಾಗ, ಸೀಟಿನ ಕೆಳಗಡೆ ಹೋಗೋದಕ್ಕೆ ಸ್ವಲ್ಪ ಕಲೆ ಇದ್ರೂ ಓಕೆ. ನಿನ್ನ ಪ್ರಾಜೆಕ್ಟ್ ಬಿಡಬೇಡ, ಆದ್ರೆ ಪೂರ್ತಿ ಗ್ರೇಡಿಂಗ್ ಬದ್ಲು ಕ್ರಸ್ಟ್ ಸ್ಟೇಜಿನಲ್ಲಿ ತೂತು, ಚಾಕು ಗುರುತು, ಬರೆ ಈ ಮೂರನ್ನ ಮಾತ್ರ ಹುಡುಕು. ಅಷ್ಟು ಸರಿಯಾಗಿ ಆದ್ರೂ ದೊಡ್ಡದು.

ಎಂಟೆಕ್_ಮೂರನೇ_ಸೆಮ್:
ಥ್ಯಾಂಕ್ಸ್ ಮೇಡಂ. ಪಾಲಾರ್ ಅಣ್ಣ, ಫ್ಯಾಕ್ಟರಿ ನೋಡೋಕೆ ಬರಬಹುದಾ?

ಪಾಲಾರ್_ದಂಡೆ:
ಓನರ್ ಕೇಳಿ ಹೇಳ್ತೀನಿ. ಹಳೇ ಶೂ ಹಾಕ್ಕೊಂಡು ಬಾ.

ಬ್ಯಾಗ್_ಹೊಲಿಯೋನು:
ಅಪ್‌ಡೇಟ್. ಮಾಮ ಹೇಳಿದಂಗೆ ಲೇಸರ್ ಕಟಿಂಗ್ ಅಂಗಡೀಲಿ ಶೀಟ್‌ನಲ್ಲಿ ಒಂದು ದುಂಡು, ಒಂದು ಚೌಕ ಕತ್ತರಿಸಿಕೊಂಡು ಟ್ಯಾನರಿಗೇ ಹೋಗಿದ್ದೆ. ಮಾಲೀಕರು ಮೊದ್ಲು ಮುಖ ಗಂಟು ಹಾಕಿದ್ರು, ಆಮೇಲೆ ಅವ್ರಿಗೇ ಕುತೂಹಲ ಬಂತು. ಮಧ್ಯದಲ್ಲಿ ಬಿಟ್ಟಾಗ ಕರೆಕ್ಟ್, ಎಡ ಬಲ ಕೂಡ ಅರ್ಧ ಪರ್ಸೆಂಟ್ ಒಳಗೇ. ನಮ್ಮ ಟೇಬಲ್‌ನಲ್ಲೂ ಹೆಚ್ಚೂ ಕಮ್ಮಿ ಅಷ್ಟೇ. ಅಂದ್ರೆ ಮೆಷಿನ್‌ಗಳ ಜಗಳ ಅಲ್ಲ. ಆಮೇಲೆ ಅವರ ಹುಡುಗನಿಗೆ ಒಂದೇ ಸೈಡನ್ನ ಮತ್ತೆ ಮತ್ತೆ ಬಿಡೋಕೆ ಹೇಳಿದೆ, ಪಾಲಾರ್ ಅಣ್ಣ ಹೇಳಿದ್ದು ಕಣ್ಣಿಗೇ ಕಾಣ್ತು, ಅವನು ಹಿಂದೆ ಹಿಡಿದು ಬಿಟ್ಟಾಗ ನಂಬರ್ ಮೇಲೆ, ಕೈ ಬಿಟ್ಟಾಗ ಕೆಳಗೆ. ಅವನಿಗೆ ತಾನು ಹಿಡಿಯೋದೇ ಗೊತ್ತಿರ್ಲಿಲ್ಲ.

ಉಳಿದಿದ್ದು ಟಾಗ್ಲಿಂಗ್‌ನಿಂದ ಇಳಿಸಿ ಇಸ್ತ್ರಿ ಆದ ತಕ್ಷಣ ಅಳೆಯೋದು. ಒಂದು ರಾತ್ರಿ ಬಿಟ್ಟು ಅಳೀರಿ ಅಂದ್ರೆ "ಸಾರ್ ಅಷ್ಟು ಜಾಗ ಎಲ್ಲಿ, ಕಂಟೇನರ್ ಕಾಯ್ತಿರತ್ತೆ" ಅಂತಾರೆ. ಅವ್ರು ಹೇಳೋದೂ ಪೂರ್ತಿ ಸುಳ್ಳಲ್ಲ.

ಪಾಲಾರ್_ದಂಡೆ:
ನಾನೊಂದು ಖಾರದ ಮಾತು ಹೇಳ್ತೀನಿ ತಪ್ಪು ತಿಳ್ಕೋಬೇಡಿ ಅಣ್ಣ. ಒಂದು ರಾತ್ರಿ ಬಿಟ್ಟು ಅಳೆದು ಎರಡು ಪರ್ಸೆಂಟ್ ಅಡಿ ಕಮ್ಮಿ ಬಂತು ಅನ್ಕೊಳಿ, ಮುಂದಿನ ಆರ್ಡರಿಗೆ ರೇಟ್ 150 ಇಂದ 153 ಆಗತ್ತೆ. ಟ್ಯಾನರಿ ಲೆಕ್ಕ ಹಾಕೋದು ಹಸಿ ತೊಗಲಿಗೆ ಎಷ್ಟು ಕೊಟ್ಟೆ, ಕೆಮಿಕಲ್‌ಗೆ ಎಷ್ಟು, ನೀರು ಶುದ್ಧ ಮಾಡೋಕೆ ಎಷ್ಟು, ಪೀಸಿಗೆ ಎಷ್ಟು ಬೀಳತ್ತೆ ಅಂತ. ಅದನ್ನ ಅಡಿಯಲ್ಲಿ ಭಾಗಿಸೋದು ಕೊನೇಲಿ. ನಿಮ್ಮ ರೇಟ್ ಒಳಗೆ ಆ ಎಳೆದ ಅಡಿ ಆಗ್ಲೇ ಸೇರಿದೆ. ಬೇರೆ ಬೇರೆ ಟ್ಯಾನರಿ ರೇಟ್ ಹೋಲಿಸೋವಾಗ ಇದು ನಿಜವಾಗಿ ಹೊಡೆಯತ್ತೆ, 148 ಅಂದೋನು 150 ಅಂದೋನಿಗಿಂತ ದುಬಾರಿ ಇರಬಹುದು.

ವಿಚೆಂಝಾ_ಮಾರಾಯ:
ಅದೇ ಮಾರಾಯ್ರೆ! ಇಲ್ಲಿಯೂ ದೊಡ್ಡ ಕಂಪನಿಯವರು ಅಡಿ ರೇಟು ನೋಡುವುದು ಬಿಟ್ಟು ಕಟಿಂಗ್ ಯೀಲ್ಡ್ ನೋಡುವುದು. ಒಂದು ಲಾಟಿನಿಂದ ಎಷ್ಟು ಪೀಸ್ ಬಂತು, ಒಂದು ಬ್ಯಾಗಿಗೆ ಲೆದರಿನ ಖರ್ಚು ಎಷ್ಟು ಬಿತ್ತು, ಅಷ್ಟೇ.

ಬ್ಯಾಗ್_ಹೊಲಿಯೋನು:
ಯೀಲ್ಡ್ ಲೆಕ್ಕ ನೆಸ್ಟಿಂಗ್ ಸಾಫ್ಟ್‌ವೇರ್‌ನಲ್ಲೇ ಬರತ್ತೆ, ಲಾಟ್ ಪ್ರಕಾರ ತೆಗೆದು ನೋಡಿದೆ. ಶಾಕ್ ಏನಂದ್ರೆ ನಾನು ಯಾವಾಗ್ಲೂ ಬೈಯೋ ಟ್ಯಾನರಿ ಮಾಲೇ ಬ್ಯಾಗಿಗೆ ಕಮ್ಮಿ ಬೀಳ್ತಿದೆ, ಅಡಿ ಕರೆಕ್ಟಾಗಿ ಕೊಡೋ ಇನ್ನೊಬ್ರ ಮಾಲಲ್ಲಿ ಬರೆ, ಉಣ್ಣೆ ಜಾಸ್ತಿ, ವೇಸ್ಟೇ ಹೆಚ್ಚು. ಆದ್ರೂ ಆರ್ಡರ್‌ನಲ್ಲಿ ಅಳತೆ ಬಗ್ಗೆ ಬರೀಬೇಕು ಅಂತಿದೀನಿ. ಏನ್ ಬರೀಲಿ?

ಲ್ಯಾಬ್_ರೂಮು:
ಅಳತೆ ಯಾವಾಗ ಅಂತ ಬರೀರಿ, ಇಸ್ತ್ರಿ ಆಗಿ ಕನಿಷ್ಠ ಇಷ್ಟು ಗಂಟೆ ಆದ್ಮೇಲೆ ಅಂತ, ಅವ್ರು ಒಪ್ಪೋವಷ್ಟು. ವ್ಯತ್ಯಾಸ ಪೀಸಿನ ಮೇಲೆ ನೋಡ್ಬೇಡಿ, ಲಾಟ್ ಮೇಲೆ ನೋಡಿ, ಇಷ್ಟು ಪರ್ಸೆಂಟ್ ತನಕ ಮಾತಿಲ್ಲ ಅಂತ. ಅದಕ್ಕಿಂತ ಜಾಸ್ತಿ ಆದ್ರೆ ಯಾರ ಮೆಷಿನ್ ಮೇಲೆ, ಎಷ್ಟು ಪೀಸ್ ಮತ್ತೆ ಅಳೆಯೋದು ಅನ್ನೋದನ್ನ ಈಗ್ಲೇ ಬರ್ಕೊಳಿ, ಜಗಳ ಬಂದ್ಮೇಲೆ ಅದು ಒಪ್ಪಿಗೆ ಆಗಲ್ಲ. ಫೋಟೋ ತೆಗೆಯೋವಾಗ ದಯವಿಟ್ಟು ವ್ಯಾಕ್ಯೂಮ್ ಆನ್ ಮಾಡಿ, ಅರ್ಧ ನಿಮಿಷದ ಕರೆಂಟು.

ಪಾಲಾರ್_ದಂಡೆ:
ಆಡಿನ ತೊಗಲಿಗೆ ಬೇರೆ ಲೈನ್ ಬರೀರಿ. ಕೆಲವು ಕಡೆ ಈಗ್ಲೂ ಕಾಲು ಅಡಿಗೆ ರೌಂಡ್ ಮಾಡ್ತಾರೆ, ಹಿಂದೆ 5 ಬರೆದು ಮೇಲೆ ಪುಟ್ಟದಾಗಿ 2 ಬರೆದಿದ್ರೆ ಐದೂವರೆ ಅಂತ. ಎರಡು ಕಾಲು, ಅಂದ್ರೆ ಅರ್ಧ. ಹೊಸಬ್ರು ಅದನ್ನ 5.2 ಅಂತ ಓದ್ಕೊಂಡು ಲೆಕ್ಕ ಹಾಕ್ತಾರೆ. ಮೇಲಕ್ಕೆ ರೌಂಡಾ ಕೆಳಕ್ಕಾ ಅಂತ ಕೇಳಿ, ಐದು ಅಡಿ ತೊಗಲಿಗೆ ಕಾಲು ಅಡಿ ಅಂದ್ರೆ ಐದು ಪರ್ಸೆಂಟ್, ಇಷ್ಟೊತ್ತು ಮಾತಾಡಿದ್ದೆಲ್ಲಕ್ಕಿಂತ ದೊಡ್ಡದು.

ಬ್ಯಾಗ್_ಹೊಲಿಯೋನು:
ಅಯ್ಯೋ, ಲೈನಿಂಗ್ ತೊಗಲಲ್ಲಿ ಆ ಪುಟ್ಟ ನಂಬರ್ ಇದೆ! ನಾಳೆ ಬೆಳಿಗ್ಗೆ ಪೂರ್ತಿ ಸ್ಟಾಕ್ ಶೀಟ್ ಮತ್ತೆ ನೋಡ್ತೀನಿ.

ಮಾಪನ_ಮಾಮ:
ನೋಡು. ಆ ಟೆಂಪ್ಲೇಟ್ ಅಕ್ರಿಲಿಕ್‌ದಾ? ಆಗಿದ್ರೆ ಗೋಡೆಗೆ ಒರಗಿಸಿ ಇಡಬೇಡ ಬಾಗತ್ತೆ, ಬಿಸಿಲಿಗೂ ಇಡಬೇಡ. ಚಪ್ಪಟೆಯಾಗಿ ಇಟ್ಟು ಮೇಲೆ ಏರಿಯಾ, ಮಾಡಿಸಿದ ತಾರೀಖು ಬರೆದಿಡು.

ಅಥಣಿ_ಮೆಟ್ಟು:
ಬ್ಯಾಗ್ ಅಣ್ಣಾರ, ಈ ಬಾರಿ ನಮ್ಮ ತೊಗಲಿನ ಬ್ಯಾಗೂ ಒಂದು ಮಾಡಿ ನೋಡ್ರಲಾ. ಪೀಸಿನ ಲೆಕ್ಕ, ಅಳತಿ ಇಲ್ಲ, ಕ್ಯಾಮೆರಾ ಇಲ್ಲ.

ಬ್ಯಾಗ್_ಹೊಲಿಯೋನು:
ಸ್ಯಾಂಪಲ್ ಎರಡು ಕಳ್ಸಿ ಅಣ್ಣ, ಮೆಸೇಜ್ ಮಾಡ್ತೀನಿ. ಆದ್ರೆ ಒಂದ್ ಪೀಸ್ ಅಂದ್ರೆ ಎಷ್ಟು ದೊಡ್ಡದು ಅಂತ ಮೊದ್ಲೇ ಹೇಳ್ಬಿಡಿ ಮತ್ತೆ 😀